ನೆಗ್ಗಿಲು ಕಾಯ್ದಿರಿಸುವ ಬೀಜ

(ಮಲೆನಾಡಿನ ಕೃಷಿಕರು ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಬರವೆಂಬುದು ಬಯಲುಸೀಮೆಯ ಪಾಡು ಮಾತ್ರವೆಂಬ ನಮ್ಮ ನಂಬಿಕೆ ಇನ್ನು ನಿಲ್ಲದು. ಆದ್ದರಿಂದ, ಬರದೊಡನೆ ಬಾಳುತ್ತ ಬಂದ ಬಾಗಲಕೋಟೆಯ ನೆಲದಿಂದ ಒಂದು ಪಾಠವನ್ನು ಕಲಿಯೋಣ.

ಆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಮುಟ್ಟುವುದಿಲ್ಲ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಕೆಳಗಿನ ಮಸಾರಿ ನೆಲದಲ್ಲಿ, ಹುನಗುಂದದ ಎರೆಹೊಲಗಳ ಬದುವಿನಲ್ಲಿ, ಇಳಕಲ್ಲಿನ ರಸ್ತೆಯಂಚಿನಲ್ಲಿ ಮಳೆ ಬಿದ್ದೊಡನೆ ನೆಲಕ್ಕೊರಗಿ ಹಬ್ಬುವ ಸಸ್ಯವೊಂದಿದೆ. ಅದೇ ನೆಗ್ಗಿಲು. ಐದೆಸಳಿನ ಹಳದಿ ಹೂವು. ಬರಿಗಾಲನ್ನೂ ಸೈಕಲ್ಲಿನ ಚಕ್ರವನ್ನೂ ಚುಚ್ಚುವ ಕಾಯಿ. ಆಯುರ್ವೇದದ ದಶಮೂಲಗಳಲ್ಲೊಂದಾದ ಗೋಕ್ಷುರವೂ ಇದೇ. ಥಾರ್ ಮರುಭೂಮಿಯ ಮರಳಿನಲ್ಲಿಯೂ ಇದು ಬೆಳೆಯುತ್ತದೆ.

ಇದರ ಬೇರು ಆಳಕ್ಕಿಳಿಯುತ್ತದೆ. ಜೋಳ, ಕಬ್ಬುಗಳಂತೆ ಕಡಿಮೆ ನೀರಿನಲ್ಲಿ ಹೆಚ್ಚು ಆಹಾರ ತಯಾರಿಸುವ ಬಗೆಯ ದ್ಯುತಿಸಂಶ್ಲೇಷಣೆ ಇದರದು. ಮೊಳೆತ ಕೆಲವೇ ವಾರಗಳಲ್ಲಿ ಹೂಬಿಟ್ಟು, ತೇವ ಆರುವ ಮುನ್ನ ಬಾಳನ್ನು ಮುಗಿಸುತ್ತದೆ.

ಆದರೆ ಇದರ ನಿಜವಾದ ಜಾಣ್ಮೆ ಕಾಯಿಯಲ್ಲಿದೆ. ಬಲಿತ ಕಾಯಿ ಐದು ಮುಳ್ಳುಹೋಳುಗಳಾಗಿ ಒಡೆಯುತ್ತದೆ. ಒಂದೊಂದು ಹೋಳಿನಲ್ಲಿಯೂ ಹಲವು ಬೀಜಗಳು. ಸಾಮಾನ್ಯವಾಗಿ ದೊಡ್ಡ ಬೀಜ ಮೊದಲು ಮೊಳೆಯುತ್ತದೆ. ಉಳಿದವು ಮುಂದಿನ ಮಳೆಗಾಗಿ, ಮುಂದಿನ ವರ್ಷಗಳಿಗಾಗಿ ಮಣ್ಣಿನಲ್ಲಿ ಕಾದಿರುತ್ತವೆ. ಮೊದಲ ಮಳೆ ಕೈಕೊಟ್ಟು ಒಂದು ಸಸಿ ಸತ್ತರೂ ವಂಶ ಅಳಿಯದು. ಅಮೆರಿಕದಲ್ಲಿ ಕಳೆಯಾಗಿ ಹಬ್ಬಿದ ಇದನ್ನು ಹತ್ತಿಕ್ಕಲು 1961ರಲ್ಲಿ ಇಟಲಿಯಿಂದ ಮೂತಿಹುಳುಗಳನ್ನು ತರಿಸಬೇಕಾಯಿತು.

ನೆಗ್ಗಿಲನ್ನು ಬೆಳೆಸಿರೆಂದು ನಾನು ಹೇಳುತ್ತಿಲ್ಲ. ಹೊಲದಲ್ಲಿ ಅದು ಕಳೆಯೇ ಸರಿ. ಆದರೆ ಅದು ಪಾಲಿಸುವ ನಿಯಮವನ್ನೇ ಅಲ್ಲಿನ ರೈತರೂ ಪಾಲಿಸಿದ್ದಾರೆ. ಒಡ್ಡು ಕಟ್ಟಿ ಮಳೆನೀರನ್ನು ಹೊಲದಲ್ಲಿಯೇ ಇಂಗಿಸಿ, ಹಿಂಗಾರಿ ಜೋಳದ ನಡುವೆ ಕುಸುಬೆಯ ಅಕ್ಕಡಿ ಸಾಲು ಹಾಕುತ್ತಾರೆ. ಒಂದು ಬೆಳೆ ಸೋತರೆ ಇನ್ನೊಂದು ಕೈಹಿಡಿಯುತ್ತದೆ.

ನಾವಾದರೋ ಗದ್ದೆಯನ್ನು ಅಡಕೆತೋಟವಾಗಿಸಿ, ಸೊಪ್ಪಿನಬೆಟ್ಟವನ್ನು ಬೋಳಾಗಿಸಿ, ಇಡೀ ಬದುಕನ್ನು ಒಂದೇ ಬೆಳೆಗೆ ಒಪ್ಪಿಸುತ್ತಿದ್ದೇವೆ. ಮಳೆ ತಪ್ಪದ ಕಾಲಕ್ಕೆ ಅದು ಸಲ್ಲುತ್ತಿತ್ತೇನೋ, ಇಂದು ಸಲ್ಲದು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನ ಮನೆಮನೆಗೂ ಹೋಗಿ, ಯಾವ ಭತ್ತದ ತಳಿ, ಯಾವ ತರಕಾರಿಯ ಬೀಜ ಇನ್ನೂ ಉಳಿದಿದೆಯೆಂದು ಬರೆದುಕೊಳ್ಳಿ. ಹಿರಿಯರೇ, ಆ ಬೀಜವನ್ನು ನೆರೆಮನೆಗೂ ಒಂದು ಹಿಡಿ ಕೊಟ್ಟಿರಿ. ಒಂದು ಮನೆಯಲ್ಲಿ ಕೆಟ್ಟರೂ ಊರಿನಲ್ಲಿ ಉಳಿಯಲಿ.