ವಿಷ ನಮ್ಮದೇ, ಗುರುತು ಹೊಸದು

ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ಯಾರ್ಥಿ ಮಿತ್ರರೇ,

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯವರು ನೀವು. ತೆನೆ ಬರುವವರೆಗೂ ಪೈರಿನಂತೆಯೇ ಕಾಣುವ ಕಳೆಯನ್ನು ಕೀಳುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ದುಗ್ಧರಸ ಗ್ರಂಥಿಗಳ ಕ್ಯಾನ್ಸರ್, ಅಂದರೆ ಲಿಂಫೋಮಾ, ಇಂತಹದೇ ಕಳೆ. ಅದು ಹೊರಗಿನಿಂದ ಬಂದ ರೋಗಾಣುವಲ್ಲ; ನಮ್ಮ ರಕ್ಷಣೆಗೆಂದೇ ಇರುವ ಬಿಳಿ ರಕ್ತಕಣ ಅಂಕೆ ಮೀರಿ ಹೆಚ್ಚಿದ್ದು. ಬಹುಪಾಲು ಲಿಂಫೋಮಾಗಳು ಹುಟ್ಟುವುದು ಬಿ-ಕೋಶ ಎಂಬ ಬಗೆಯಿಂದ.

ಇದನ್ನು ಕೊಲ್ಲಬಲ್ಲ ವಿಷವೂ ನಮ್ಮ ದೇಹದಲ್ಲಿಯೇ ಇದೆ. ಟಿ-ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಅದನ್ನು ಸೂಕ್ಷ್ಮ ಚೀಲಗಳಲ್ಲಿ ಹೊತ್ತು ತಿರುಗುತ್ತದೆ. ಗುರಿ ಸಿಕ್ಕಾಗ ಅದಕ್ಕೆ ಒತ್ತಿ ನಿಂತು ಚೀಲವನ್ನು ಬಿಚ್ಚುತ್ತದೆ. ಪರ್ಫೋರಿನ್ ಎಂಬ ಪ್ರೋಟೀನು ಪೊರೆಯಲ್ಲಿ ರಂಧ್ರ ಮಾಡುತ್ತದೆ; ಗ್ರಾಂಜೈಮ್ ಒಳಹೊಕ್ಕು, ಆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಟಿ.ವಿ.ಯಲ್ಲಿ ನಾವು ಇದಕ್ಕೆ ಕತ್ತಿ ಹಿಡಿದ ಸಿಪಾಯಿಯ ಚಿತ್ರ ತೋರಿಸುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಕಾದಾಟಕ್ಕಿಂತ ಗುಟ್ಟಾಗಿ ವಿಷವಿಕ್ಕುವ ಕೆಲಸವೇ ಹೆಚ್ಚು.

ಹಾಗಾದರೆ ಕೊರತೆ ಯಾವುದು? ಗುರುತಿನದು. ಕ್ಯಾನ್ಸರ್ ಕೋಶ ತನ್ನವರಂತೆಯೇ ಕಾಣುವುದರಿಂದ ಟಿ-ಕೋಶ ಸುಮ್ಮನೆ ಹಾದುಹೋಗುತ್ತದೆ. ಆದ್ದರಿಂದ ರೋಗಿಯ ರಕ್ತದಿಂದ ಟಿ-ಕೋಶಗಳನ್ನು ಬೇರ್ಪಡಿಸಿ, ನಿರಪಾಯಗೊಳಿಸಿದ ವೈರಸ್ಸಿನ ಮೂಲಕ ಹೊಸ ಜೀನೊಂದನ್ನು ಸೇರಿಸುತ್ತಾರೆ. ಆಗ ಅವು ಬಿ-ಕೋಶಗಳ ಮೈಮೇಲಿನ ಸಿಡಿ-19 ಎಂಬ ಪ್ರೋಟೀನನ್ನು ಗುರುತಿಸಬಲ್ಲವು. ಪ್ರಯೋಗಾಲಯದಲ್ಲಿ ಅವುಗಳ ಸಂಖ್ಯೆ ಹೆಚ್ಚಿಸಿ ರೋಗಿಯ ರಕ್ತಕ್ಕೇ ಮರಳಿಸುತ್ತಾರೆ. ಇದೇ ಕಾರ್-ಟಿ ಚಿಕಿತ್ಸೆ.

ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ರೂಪಿಸಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಇಂತಹದೇ ಚಿಕಿತ್ಸೆಯನ್ನು ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಕ್ವಾರ್ಟೆಮಿ ಎಂಬ ಹೆಸರಿನಲ್ಲಿ ಹೊರತಂದಿತು. ಅಮೆರಿಕದಲ್ಲಿ ಮೂರು ಕೋಟಿ ರೂಪಾಯಿಗೂ ಮಿಕ್ಕುವ ಈ ಚಿಕಿತ್ಸೆಗೆ ಇಲ್ಲಿ ತೀರ ಕಡಿಮೆ ಖರ್ಚು; ಆದರೂ ಅದು ಲಕ್ಷಗಟ್ಟಲೆಯ ಮಾತೇ.

ಕಳೆಯ ಜೊತೆ ಪೈರೂ ಹೋಗುತ್ತದೆ, ಅದನ್ನೂ ಹೇಳಬೇಕು. ಸಿಡಿ-19 ಆರೋಗ್ಯವಂತ ಬಿ-ಕೋಶಗಳ ಮೇಲೂ ಇರುವುದರಿಂದ ಅವೂ ನಾಶವಾಗಿ ಸೋಂಕಿನ ಭಯ ಹೆಚ್ಚುತ್ತದೆ. ತೀವ್ರ ಜ್ವರ ಬಂದು ರಕ್ತದೊತ್ತಡ ಕುಸಿಯಲೂಬಹುದು. ಆದ್ದರಿಂದ ಸಾಮಾನ್ಯವಾಗಿ ಬೇರೆ ಔಷಧಿಗಳು ಸೋತ ಮೇಲೆಯೇ ಇದರ ಸರದಿ. ಎಷ್ಟೋ ಲಿಂಫೋಮಾಗಳು ಆ ಔಷಧಿಗಳಿಂದಲೇ ಗುಣವಾಗುತ್ತವೆ.

ಮನೆಯಲ್ಲಿ ಯಾರಿಗಾದರೂ ಕತ್ತು, ಕಂಕುಳು, ತೊಡೆಸಂದಿನಲ್ಲಿ ಗಂಟು ಎದ್ದು ಕೆಲವು ವಾರಗಳಾದರೂ ಇಳಿಯದಿದ್ದರೆ, ನೋವಿಲ್ಲವೆಂದು ಬಿಡಬೇಡಿ. ಅದು ಕ್ಷಯದ ಗಂಟೂ ಆಗಿರಬಹುದು, ಲಿಂಫೋಮಾವೂ ಆಗಿರಬಹುದು. ಮುಟ್ಟಿ ನೋಡಿ ಹೇಳಲಾಗದು. ಗಂಟಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಆ ಮೊದಲ ಹೆಜ್ಜೆಗೆ ಬೆಂಗಳೂರು ಬೇಕಿಲ್ಲ, ರಾಯಚೂರಿನಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ.