ಇಂಗಾಲದ ನ್ಯಾನೊ ಕೊಳವೆ: ಬಲ ಎಳೆಯಲ್ಲಿದೆಯೋ, ಬೆರೆಸುವ ಕೈಯಲ್ಲಿದೆಯೋ?

ಇಂದಿನ ಮಾತನ್ನು ಒಂದು ಮಣ್ಣಿನ ಗೋಡೆಯಿಂದ ಆರಂಭಿಸೋಣ. ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಸುತ್ತಮುತ್ತ, ದೇವದುರ್ಗದ ಕಡೆಯ ಹಳ್ಳಿಗಳಲ್ಲಿ, ಹಳೆಯ ಮಾಳಿಗೆ ಮನೆಗಳನ್ನು ನೀವು ನೋಡಿರುತ್ತೀರಿ. ಗೋಡೆಗೆ ಮಣ್ಣು ಕಲಸುವಾಗ ಹಿರಿಯರು ಅದಕ್ಕೆ ಹುಲ್ಲನ್ನೋ ಹೊಟ್ಟನ್ನೋ ಸೇರಿಸಿ, ನೀರು ಬಿಟ್ಟು, ಕಾಲಿನಿಂದ ಚೆನ್ನಾಗಿ ತುಳಿಯುತ್ತಿದ್ದರು. ಬರಿಯ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಹುಲ್ಲು ಬೆರೆತ ಮಣ್ಣು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬಿರುಕು ಹುಟ್ಟಿ ಮುಂದೆ ಸಾಗುವಾಗ ಅದರ ದಾರಿಗೆ ಒಂದು ಹುಲ್ಲೆಳೆ ಅಡ್ಡ ಬರುತ್ತದೆ. ಎಳೆಯ ಎರಡು ತುದಿಗಳನ್ನೂ ಮಣ್ಣು ಹಿಡಿದುಕೊಂಡಿರುತ್ತದೆ. ಬಿರುಕು ಅಲ್ಲಿಯೇ ನಿಲ್ಲುತ್ತದೆ.

ಮಣ್ಣಿಗೆ ಒತ್ತಡವನ್ನು ತಾಳುವ ಗುಣವಿದೆ, ಹುಲ್ಲಿಗೆ ಎಳೆತವನ್ನು ತಾಳುವ ಗುಣವಿದೆ. ಎರಡೂ ಸೇರಿದಾಗ ಒಂಟಿಯಾಗಿ ಯಾವುದರಲ್ಲೂ ಇಲ್ಲದ ಗುಣ ಬರುತ್ತದೆ. ಇಂಥ ಕೂಡು ವಸ್ತುಗಳನ್ನು ವಿಜ್ಞಾನಿಗಳು ಕಾಂಪೊಸಿಟ್ ಎಂದು ಕರೆಯುತ್ತಾರೆ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು, ಗಾಜಿನ ಎಳೆ ಸೇರಿಸಿದ ನೀರಿನ ಟ್ಯಾಂಕು, ಇವೆಲ್ಲ ಅದೇ ಜಾತಿಯವು. ಹಾಗಾದರೆ ಹುಲ್ಲಿನ ಜಾಗದಲ್ಲಿ ಪ್ರಪಂಚದಲ್ಲೇ ಅತ್ಯಂತ ಗಟ್ಟಿಯಾದ ಎಳೆಯನ್ನು ಹಾಕಿದರೆ ಏನಾಗುತ್ತದೆ? ಇಂದು ನಾವು ಕೇಳಬೇಕಾದ ಪ್ರಶ್ನೆ ಇದು.

ಅಂಥ ಎಳೆ ಯಾವುದು? ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಉರಿಸುವ ಕಲ್ಲಿದ್ದಲಿನಲ್ಲಿ ಇರುವುದು ಬಹುಪಾಲು ಇಂಗಾಲ. ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಕೂಡ ಇಂಗಾಲವೇ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಯ ಮನೆಗಳಾಗಿ ಕೂಡಿ ಹಾಳೆಗಳಾಗಿರುತ್ತವೆ. ಹಾಳೆಯೊಳಗಿನ ಬಂಧ ಬಹಳ ಬಲವಾದದ್ದು. ಹಾಳೆಹಾಳೆಗಳ ನಡುವಿನ ಹಿಡಿತ ಸಡಿಲ. ಆದ್ದರಿಂದಲೇ ಪೆನ್ಸಿಲು ಕಾಗದದ ಮೇಲೆ ಜಾರಿ ಗುರುತು ಬಿಡುತ್ತದೆ. ಆ ಹಾಳೆಗಳಲ್ಲಿ ಒಂದನ್ನು ಚಾಪೆ ಸುತ್ತಿದಂತೆ ಸುತ್ತಿ ಅಂಚುಗಳನ್ನು ಬೆಸೆದಂತೆ ಕಲ್ಪಿಸಿಕೊಳ್ಳಿ. ಅದೇ ಇಂಗಾಲದ ನ್ಯಾನೊ ಕೊಳವೆ. ಒಂಟಿ ಗೋಡೆಯ ಕೊಳವೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ನಮ್ಮ ತಲೆಗೂದಲು ಅದಕ್ಕಿಂತ ಹತ್ತಾರು ಸಾವಿರ ಪಟ್ಟು ದಪ್ಪ.

ಇಂಥ ಟೊಳ್ಳು ಎಳೆಗಳ ಚಿತ್ರಗಳನ್ನು 1952ರಲ್ಲಿಯೇ ಸೋವಿಯತ್ ವಿಜ್ಞಾನಿಗಳು ಪ್ರಕಟಿಸಿದ್ದರು. ಆದರೆ ಜಗತ್ತಿನ ಗಮನ ಇತ್ತ ತಿರುಗಿದ್ದು 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವುಗಳ ರಚನೆಯನ್ನು ಸ್ಪಷ್ಟವಾಗಿ ತೋರಿಸಿದಾಗ. 2000ದಲ್ಲಿ ಅಮೆರಿಕದ ಸಂಶೋಧಕರು ಬಹುಗೋಡೆಯ ಕೊಳವೆಗಳನ್ನು ಒಂದೊಂದಾಗಿ ಹಿಡಿದೆಳೆದು ಅವುಗಳ ಬಲವನ್ನು ಅಳೆದರು. ಹೊರಗೋಡೆಯ ಬಲ 11ರಿಂದ 63 ಗಿಗಾಪಾಸ್ಕಲ್‌ವರೆಗೆ ಕಂಡುಬಂತು.

ಈ ಅಂಕಿಯ ಅರ್ಥವೇನು? ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ಸಾಧಾರಣ ಮೆದು ಉಕ್ಕಿನ ತಂತಿ ಸುಮಾರು 40 ಕಿಲೋಗ್ರಾಂ ಭಾರವನ್ನು ತಾಳಬಲ್ಲದು. ಬಹಳ ಗಟ್ಟಿ ಉಕ್ಕಿನ ತಂತಿಯಾದರೆ ಸುಮಾರು 200 ಕಿಲೋಗ್ರಾಂ. 63 ಗಿಗಾಪಾಸ್ಕಲ್ ಬಲದ ಅಷ್ಟೇ ದಪ್ಪದ ತಂತಿ ಇದ್ದರೆ ಅದು 6,000 ಕಿಲೋಗ್ರಾಂಗೂ ಹೆಚ್ಚು ಭಾರವನ್ನು ಹೊರುತ್ತಿತ್ತು! ತೂಕವೋ, ಉಕ್ಕಿನ ಐದನೆಯ ಒಂದು ಭಾಗದ ಆಸುಪಾಸು.

ಇದ್ದರೆ ಎಂದೆ. ಅಂಥ ತಂತಿ ಇಂದಿಗೂ ನಮ್ಮ ಕೈಗೆ ಬಂದಿಲ್ಲ. ಅಳತೆಗೆ ಸಿಕ್ಕಿದ್ದು ಕೂದಲಿನ ದಪ್ಪದಷ್ಟೂ ಉದ್ದವಿಲ್ಲದ ತುಣುಕುಗಳು. ಚಿಕ್ಕ ಎಳೆಗಳಿಂದ ಉದ್ದನೆಯ ಹಗ್ಗ ಹೊಸೆಯುವುದು ಹೇಗೆಂಬುದು ನಮ್ಮ ರೈತರಿಗೆ ಗೊತ್ತಿರುವ ವಿದ್ಯೆ. ಪುಂಡಿ ನಾರಿನ ಹಗ್ಗವನ್ನು ಬಿಚ್ಚಿ ನೋಡಿ. ಹಗ್ಗದಷ್ಟು ಉದ್ದದ ನಾರು ಒಂದೂ ಇಲ್ಲ. ಹುರಿ ಹಾಕಿದಾಗ ನಾರು ನಾರನ್ನು ಒತ್ತಿ ಹಿಡಿಯುತ್ತದೆ. ಆ ಹಿಡಿತವೇ ಹಗ್ಗದ ಬಲ. ನ್ಯಾನೊ ಕೊಳವೆಯ ಮೈ ಗ್ರಾಫೈಟಿನ ಹಾಗೆಯೇ ನುಣುಪು. ಹುರಿ ಹಾಕಿ ಎಳೆದರೆ ಕೊಳವೆಗಳು ಹರಿಯುವ ಮೊದಲೇ ಒಂದರ ಮೇಲೊಂದು ಜಾರಿಕೊಳ್ಳುತ್ತವೆ. ಆದ್ದರಿಂದ ಅವುಗಳ ನೂಲಿನ ಬಲ ಒಂಟಿ ಕೊಳವೆಯ ಬಲದ ಸಣ್ಣ ಪಾಲು ಮಾತ್ರ.

ಇನ್ನೊಂದು ತೊಡಕಿದೆ. ಈ ಕೊಳವೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ತುಳಿಯದೆ ಬಿಟ್ಟ ಮಣ್ಣಿನಲ್ಲಿ ಹುಲ್ಲಿನ ಮುದ್ದೆ ಉಳಿದರೆ ಗೋಡೆ ಗಟ್ಟಿಯಾದೀತೆ? ಮುದ್ದೆ ಇರುವ ಕಡೆಯೇ ಮೊದಲು ಒಡೆಯುತ್ತದೆ. ನ್ಯಾನೊ ಕೊಳವೆಯ ಗಂಟೂ ಹಾಗೆಯೇ, ಬಲ ಕೊಡುವ ಬದಲು ದೌರ್ಬಲ್ಯ ತರುತ್ತದೆ. ಅದಕ್ಕಾಗಿ ಪ್ರಯೋಗಾಲಯಗಳಲ್ಲಿ ಶ್ರವಣಾತೀತ ಧ್ವನಿಯ ಅಲೆಗಳಿಂದ ಗಂಟುಗಳನ್ನು ಬಿಡಿಸುತ್ತಾರೆ. ಸಾಬೂನಿನಂಥ ರಾಸಾಯನಿಕಗಳನ್ನು ಸೇರಿಸುತ್ತಾರೆ. ಕೊಳವೆಯ ಮೈಗೆ ಸಣ್ಣ ರಾಸಾಯನಿಕ ಕೊಂಡಿಗಳನ್ನು ಕೂಡಿಸಿ ಅಂಟು ಅದನ್ನು ಹಿಡಿಯುವಂತೆ ಮಾಡುತ್ತಾರೆ. ನಮ್ಮ ಹಿರಿಯರು ಕಾಲಿನಿಂದ ಮಾಡುತ್ತಿದ್ದ ಕೆಲಸವೇ ಇದು.

ಇಷ್ಟು ಶ್ರಮದಿಂದ ದೊರೆತ ಪ್ರಯೋಜನಗಳು ಯಾವುವು? ವಿಮಾನದ ಭಾಗಗಳಲ್ಲಿ, ಗಾಳಿಯಂತ್ರದ ರೆಕ್ಕೆಗಳಲ್ಲಿ ಕಾರ್ಬನ್ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಅಂಟಿನಿಂದ ಕೂಡಿಸುತ್ತಾರೆ. ಇಲ್ಲಿ ದುರ್ಬಲವಾದ ಜಾಗ ಪದರಗಳ ನಡುವಿನ ಅಂಟು. ಬಿರುಕು ಅಲ್ಲಿ ನುಸುಳಿ ಪದರಗಳನ್ನು ಬೇರ್ಪಡಿಸುತ್ತದೆ. ಆ ಅಂಟಿಗೆ ಸ್ವಲ್ಪವೇ ನ್ಯಾನೊ ಕೊಳವೆ ಬೆರೆಸಿದರೆ ಅವು ಬಿರುಕಿನ ಎರಡು ದಡಗಳನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತವೆ. ಸೈಕಲ್ ಚೌಕಟ್ಟು, ಟೆನಿಸ್ ರ‍್ಯಾಕೆಟ್‌ಗಳಂಥ ಆಟದ ಸಾಮಾನುಗಳಲ್ಲಿ ಈ ಉಪಾಯ ಮಾರುಕಟ್ಟೆಗೂ ಬಂದಿದೆ. ಸಿಮೆಂಟಿಗೆ ಶೇಕಡಾ ಒಂದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಸೇರಿಸಿ, ಕಣ್ಣಿಗೆ ಕಾಣದ ಬಿರುಕನ್ನು ಹುಟ್ಟಿನಲ್ಲಿಯೇ ತಡೆಯುವ ಪ್ರಯೋಗಗಳೂ ನಡೆದಿವೆ. ಈ ಕೊಳವೆಗಳಲ್ಲಿ ವಿದ್ಯುತ್ತೂ ಹರಿಯುತ್ತದೆ. ಅದರಿಂದ ಕಿಡಿ ಹಾರದ ಇಂಧನ ಕೊಳವೆಗಳಲ್ಲಿ, ಲಿಥಿಯಂ ಬ್ಯಾಟರಿಗಳ ವಿದ್ಯುದ್ವಾರಗಳಲ್ಲಿ ಅವುಗಳ ಬಳಕೆ ಬೆಳೆದಿದೆ. 2011ರಲ್ಲಿ ಗುರುಗ್ರಹದತ್ತ ಹೊರಟ ಜೂನೊ ನೌಕೆಯಲ್ಲೂ ಸ್ಥಿರವಿದ್ಯುತ್ತನ್ನು ನಿವಾರಿಸಲು ಇವುಗಳ ಹಾಳೆಯನ್ನು ಬಳಸಲಾಯಿತು.

ಕನ್ನಡ ನಾಡಿಗೂ ಈ ವಿಷಯಕ್ಕೂ ಹಳೆಯ ನಂಟೊಂದಿದೆ. ನಿಮ್ಮ ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಕಬ್ಬಿಣದ ಉಪಕರಣಗಳು ದೊರೆತವು. ಅಷ್ಟು ಹಿಂದಿನಿಂದಲೂ ಈ ನೆಲದ ಜನ ಕಬ್ಬಿಣವನ್ನು ಬಲ್ಲವರು. ಮುಂದೆ ದಕ್ಷಿಣ ಭಾರತದಲ್ಲಿ ಕಬ್ಬಿಣದ ತುಂಡುಗಳನ್ನು ಕಟ್ಟಿಗೆ, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ ಉಕ್ಕು ಮಾಡುತ್ತಿದ್ದರು. ಕಟ್ಟಿಗೆ ಮತ್ತು ಎಲೆಯ ಇಂಗಾಲ ಕಬ್ಬಿಣದೊಳಗೆ ಸೇರುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಈ ಕೆಲಸವನ್ನು ಕಂಡು ಬರೆದಿದ್ದಾನೆ. ಯೂರೋಪಿನವರು ಇದನ್ನು ವೂಟ್ಜ್ ಎಂದು ಕರೆದರು. ಅದು ನಮ್ಮ ‘ಉಕ್ಕು’ ಶಬ್ದವೇ ರೂಪ ಬದಲಿಸಿದ್ದು ಎಂದು ವಿದ್ವಾಂಸರ ಅಭಿಪ್ರಾಯ. ಹೆಸರಾಂತ ಡಮಾಸ್ಕಸ್ ಕತ್ತಿಗಳಿಗೆ ಇಂಥ ಉಕ್ಕನ್ನೇ ಬಳಸುತ್ತಿದ್ದರು.

2006ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಪೀಟರ್ ಪಾಫ್ಲರ್ ಮತ್ತು ಸಂಗಡಿಗರು 17ನೆಯ ಶತಮಾನದ ಅಂಥ ಒಂದು ಕತ್ತಿಯ ತುಣುಕನ್ನು ಆಮ್ಲದಲ್ಲಿ ಕರಗಿಸಿ ನೋಡಿದರು. ಉಳಿದ ಶೇಷದಲ್ಲಿ ಇಂಗಾಲದ ನ್ಯಾನೊ ಕೊಳವೆಗಳು ಕಂಡವೆಂದು ವರದಿ ಮಾಡಿದರು. ಹಾಗಾದರೆ ನಮ್ಮ ಕಮ್ಮಾರರಿಗೆ ನ್ಯಾನೊ ವಿಜ್ಞಾನ ತಿಳಿದಿತ್ತೆ? ಇಲ್ಲ, ಹಾಗೆ ಹೇಳಬಾರದು. ಆ ಕೊಳವೆಗಳೇ ಕತ್ತಿಯ ಬಲಕ್ಕೆ ಕಾರಣವೆಂಬುದೂ ಸಿದ್ಧವಾಗಿಲ್ಲ. ಆದರೆ ಯಾವುದನ್ನು, ಎಷ್ಟು, ಎಷ್ಟು ಹೊತ್ತು ಎಂಬ ಹದ ಅವರ ಕೈಗೆ ತಿಳಿದಿತ್ತು. ಹದ ಕೈಯಲ್ಲಿಯೇ ಉಳಿಯಿತು, ಬರಹಕ್ಕೆ ಇಳಿಯಲಿಲ್ಲ. ಕುಲುಮೆ ಆರಿದಾಗ ವಿದ್ಯೆಯೂ ಆರಿತು.

ಇಂದು ನಮ್ಮವರು ಅಳೆದು, ಬರೆದಿಟ್ಟು ಮುಂದುವರಿಯುತ್ತಿದ್ದಾರೆ. ಬೆಂಗಳೂರಿನಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದಲ್ಲಿಯೇ ಫೆರೊಸೀನ್ ಎಂಬ ಕಬ್ಬಿಣವುಳ್ಳ ವಸ್ತುವಿನ ಆವಿಯನ್ನು ಕಾಯಿಸಿ ನ್ಯಾನೊ ಕೊಳವೆಗಳನ್ನು ಪಡೆಯಿತು. ಅಲ್ಲಿ ಕೊಳವೆ ಬೆಳೆಯುವುದು ಕಬ್ಬಿಣದ ಸೂಕ್ಷ್ಮ ಕಣಗಳ ನೆರವಿನಿಂದ. ಮೂಸೆ ಬೇರೆ, ಕಾಲ ಬೇರೆ. ಕಬ್ಬಿಣ ಮತ್ತು ಇಂಗಾಲದ ಸ್ನೇಹ ಹಳೆಯದೇ.

ಒಂದು ಎಚ್ಚರಿಕೆಯ ಮಾತು. ಉದ್ದನೆಯ, ಬಿರುಸಾದ ನ್ಯಾನೊ ಕೊಳವೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂಥ ಹಾನಿಯನ್ನು ತೋರಿದ್ದು 2008ರಲ್ಲಿ ವರದಿಯಾಯಿತು. ವಸ್ತುವಿನೊಳಗೆ ಬೆಸೆದುಕೊಂಡ ಕೊಳವೆಗಿಂತ ಗಾಳಿಯಲ್ಲಿ ಹಾರುವ ಅದರ ಪುಡಿಯದೇ ಹೆಚ್ಚಿನ ಭಯ. ಅದನ್ನು ಉಸಿರಾಡಬೇಕಾದವನು ಕಾರ್ಖಾನೆಯ ಕೆಲಸಗಾರ. ವಸ್ತು ಗಟ್ಟಿಯಾದರೆ ಸಾಲದು. ಅದನ್ನು ಮಾಡುವವನ ಎದೆಯೂ ಗಟ್ಟಿಯಾಗಿ ಉಳಿಯಬೇಕು.

ಕೊನೆಗೆ ನಿಮಗೊಂದು ಪ್ರಯೋಗ. ಒಂದೇ ಅಳತೆಯ ಮೂರು ಮಣ್ಣಿನ ಇಟ್ಟಿಗೆಗಳನ್ನು ಮಾಡಿ. ಮೊದಲನೆಯದು ಬರಿಯ ಮಣ್ಣು. ಎರಡನೆಯದಕ್ಕೆ ಒಂದು ಹಿಡಿ ಪುಂಡಿ ನಾರನ್ನು ಕತ್ತರಿಸಿ ಚೆನ್ನಾಗಿ ಬೆರೆಸಿ. ಮೂರನೆಯದಕ್ಕೆ ಅಷ್ಟೇ ನಾರನ್ನು ಮುದ್ದೆಯಾಗಿ ನಡುವೆ ಇಡಿ. ನೆರಳಿನಲ್ಲಿ ಒಣಗಿಸಿ, ಎರಡು ಆಸರೆಗಳ ಮೇಲಿಟ್ಟು, ನಡುವೆ ತೂಕ ಹೇರುತ್ತ ಹೋಗಿ. ಯಾವುದು ಎಷ್ಟು ಭಾರಕ್ಕೆ ಮುರಿಯಿತು, ಹೇಗೆ ಮುರಿಯಿತು ಎಂಬುದನ್ನು ಬರೆದಿಡಿ. ಬರೆದಿಡುವುದನ್ನು ಮಾತ್ರ ಮರೆಯಬೇಡಿ.