ಮೊದಲು ಯಾವ ಕೆಲಸ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿಇ ಮುಗಿಸಿ ಬೆಂಗಳೂರು ಸೇರಿ ಹನ್ನೆರಡು ವರ್ಷವಾಯಿತು. ದುಂಡಸಿಗೆ ಬಂದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆ ಒಂದೇ: "ತಮ್ಮಾ, ದಿನಾ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತಿ?" ಸಂಘಟಕರು ಮಾಹಿತಿ ತಂತ್ರಜ್ಞಾನದ ಬಗ್ಗೆ ಮಾತನಾಡು ಎಂದಾಗ, ಈ ಪ್ರಶ್ನೆಗೇ ಉತ್ತರ ಹೇಳೋಣ ಅನಿಸಿತು. ಕೋಡ್ ಬರೆಯುವ ವಿಷಯ ಇವತ್ತು ಬಿಡುತ್ತೇನೆ. ಅದಕ್ಕಿಂತ ಮೊದಲು ನಡೆಯುವ ಒಂದು ಕೆಲಸವಿದೆ. ಮುಂದೆ ಏನು ಮಾಡಬೇಕು, ಯಾವುದು ಮೊದಲು, ಯಾವುದು ಸದ್ಯಕ್ಕೆ ಬೇಡ ಎಂದು ಕೂತು ತೀರ್ಮಾನ ಮಾಡುವುದು. ನನ್ನ ಅನುಭವದಲ್ಲಿ ಕೋಡ್ ಬರೆಯುವುದಕ್ಕಿಂತ ಇದೇ ಕಷ್ಟ.

ಹಿಂದೆ ತಂತ್ರಾಂಶ ಮಾಡುವವರು ಬೇಕಾದದ್ದನ್ನೆಲ್ಲ ಮೊದಲೇ ದೊಡ್ಡ ದಾಖಲೆಯಲ್ಲಿ ಬರೆದಿಟ್ಟು, ವರ್ಷಗಟ್ಟಲೆ ಕೆಲಸ ಮಾಡಿ, ಕೊನೆಗೆ ಒಮ್ಮೆಲೇ ಒಪ್ಪಿಸುತ್ತಿದ್ದರು. ಅಷ್ಟರಲ್ಲಿ ಕೇಳಿದವರ ಅಗತ್ಯವೇ ಬದಲಾಗಿರುತ್ತಿತ್ತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಈ ಕ್ಷೇತ್ರದ 17 ಜನ ಸೇರಿ ಬೇರೆ ದಾರಿಯೊಂದನ್ನು ಬರೆದಿಟ್ಟರು. ಅದಕ್ಕೆ ಅಜೈಲ್ ಎಂದು ಹೆಸರು. ಸ್ವಲ್ಪ ಮಾಡು, ತೋರಿಸು, ಕೇಳಿ ತಿಳಿದುಕೊ, ಮತ್ತೆ ಸ್ವಲ್ಪ ಮಾಡು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಪದ್ಧತಿ ಸ್ಕ್ರಮ್. ಅದು ರಗ್ಬಿ ಆಟದ ಪದ. ಹೆಸರಿಟ್ಟವರು ನಮ್ಮ ಕಡೆಯವರಾಗಿದ್ದರೆ ಕಬಡ್ಡಿಯ ಪದ ಬರುತ್ತಿತ್ತೋ ಏನೋ.

ಈ ಪದ್ಧತಿಯಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಗೆ ಬ್ಯಾಕ್‌ಲಾಗ್ ಎನ್ನುತ್ತಾರೆ. ಬಿಇ ಓದಿದವರು ನಗುತ್ತಿದ್ದೀರಿ. ನಮಗೆ ಆ ಪದ ಬೇರೆ ಕಾರಣಕ್ಕೆ ಪರಿಚಯ, ಫೇಲಾದ ವಿಷಯಗಳ ಲೆಕ್ಕಕ್ಕೆ. ಇಲ್ಲಿ ಅದು ಮುಂದಿನ ಕೆಲಸದ ಪಟ್ಟಿ. ಈ ಪಟ್ಟಿಯನ್ನು ಆಗಾಗ ಕೂತು ತಿದ್ದುವುದಕ್ಕೆ ರಿಫೈನ್‌ಮೆಂಟ್ ಎಂದು ಹೆಸರು. ನಾನು ಮನಸ್ಸಿನಲ್ಲೇ ಅದನ್ನು 'ಹಸನು ಮಾಡುವುದು' ಅಂದುಕೊಳ್ಳುತ್ತೇನೆ. ನಮ್ಮಲ್ಲಿ ಮೃಗಶಿರ ಮಳೆ ಬಿದ್ದ ದಿನ ಕೂರಿಗೆ ಹುಡುಕಲು ಯಾರೂ ಹೊರಡುವುದಿಲ್ಲ. ಅದಕ್ಕಿಂತ ಮೊದಲೇ ಹೊಲ ಹರಗಿ, ಕಸಕಡ್ಡಿ ಆರಿಸಿ, ಬೀಜ ಹಸನು ಮಾಡಿ ಇಟ್ಟಿರುತ್ತಾರೆ. ಹಾಗೆಂದು ಹಿಂಗಾರಿ ಕಡಲೆಯ ಲೆಕ್ಕವನ್ನು ಮೇ ತಿಂಗಳಲ್ಲೇ ಸಾಲು ಸಾಲಾಗಿ ಬರೆದಿಡುವುದೂ ಇಲ್ಲ. ನಮ್ಮ ಪಟ್ಟಿಯೂ ಹಾಗೆಯೇ. ಮೇಲಿನ ನಾಲ್ಕೈದು ಕೆಲಸ ಸ್ಪಷ್ಟವಾಗಿರಬೇಕು, ಕೆಳಗಿನವು ಒಂದೊಂದು ಸಾಲಿನಲ್ಲಿದ್ದರೆ ಸಾಕು. 2013ರ ಸ್ಕ್ರಮ್ ಕೈಪಿಡಿಯಲ್ಲಿ ಇದಕ್ಕೆ ತಂಡದ ಶಕ್ತಿಯ ಶೇ. 10ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಹೋಗುವುದಿಲ್ಲ ಎಂದಿತ್ತು. ಹತ್ತು ದಿನದ ದುಡಿಮೆಯಲ್ಲಿ ಒಂದು ದಿನ ಅನ್ನಿ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ತಂಡ ಆಸ್ಪತ್ರೆಗಳಿಗೆ ಬೇಕಾದ ತಂತ್ರಾಂಶ ಮಾಡುತ್ತಿತ್ತು. ಪಟ್ಟಿಯಲ್ಲಿ ಒಂದು ಸಾಲಿತ್ತು: ಡಿಸ್‌ಚಾರ್ಜ್ ದಿನ ರೋಗಿಗೆ ಬಿಲ್ ಬೇಗ ಸಿಗಬೇಕು. ಕೆಲಸ ಎಷ್ಟು ದೊಡ್ಡದು ಎಂದು ಅಂದಾಜು ಮಾಡಲು ನಾವು 1, 2, 3, 5, 8, 13 ಎಂದು ಬರೆದ ಚೀಟಿ ಇಟ್ಟುಕೊಂಡು, ಎಲ್ಲರೂ ಒಟ್ಟಿಗೆ ಎತ್ತಿ ತೋರಿಸುತ್ತೇವೆ. ಒಟ್ಟಿಗೆ ಯಾಕೆಂದರೆ, ದೊಡ್ಡವರು ಮೊದಲು ಹೇಳಿಬಿಟ್ಟರೆ ಸಣ್ಣವರು ಅದನ್ನೇ ಹೇಳುತ್ತಾರೆ. ಅವತ್ತು ಎಲ್ಲರೂ 3 ತೋರಿಸಿದರು. ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ 13 ತೋರಿಸಿದಳು. ಯಾಕಮ್ಮಾ ಎಂದು ಕೇಳಿದೆವು. ಅವಳ ತಂದೆ ಆಸ್ಪತ್ರೆಯಲ್ಲಿದ್ದಾಗ ಬಿಡುಗಡೆಯ ದಿನ ಅವಳೇ ಓಡಾಡಿದ್ದಳಂತೆ. ಉಳಿದ ಔಷಧಿ ಔಷಧಿ ಅಂಗಡಿಗೆ ವಾಪಸಾಗಿ ಅದರ ಹಣ ಕಳೆಯಬೇಕು, ವಿಮೆ ಇದ್ದರೆ ಕಂಪನಿಯ ಒಪ್ಪಿಗೆ ಬರಬೇಕು, ಆಮೇಲೆ ಬಿಲ್. ಒಂದು ಸಾಲಿನ ಕೆಲಸ ಮೂರಾಯಿತು. ವಿಮೆಯಿಲ್ಲದೆ ಕೈಯಿಂದ ಹಣ ಕಟ್ಟುವವರ ಬಿಲ್ ಮೊದಲು ತೆಗೆದುಕೊಂಡೆವು, ಎರಡು ವಾರದಲ್ಲಿ ಅದು ಮುಗಿಯಿತು. ವಿಮೆಯದು ಆಸ್ಪತ್ರೆಯವರ ಉತ್ತರ ಬರುವತನಕ ಕೆಳಗೆ ಹೋಯಿತು.

ನಮ್ಮ ರಾಜ್ಯದ್ದೇ ಒಂದು ಕೆಲಸವೂ ನೆನಪಾಗುತ್ತದೆ. ಇಲ್ಲಿ ಉತಾರ ತೆಗೆಸದವರು ಯಾರಿದ್ದೀರಿ? ಮೊದಲು ಅದಕ್ಕೆ ತಲಾಠಿಯವರನ್ನು ಹುಡುಕಿಕೊಂಡು ಹೋಗಬೇಕಿತ್ತು. 2000ದ ಹೊತ್ತಿಗೆ ಬಂದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಉತಾರ ಕೈಗೆ ಬಂತು. ಭೂದಾಖಲೆ ಎಂದರೆ ನಕ್ಷೆ, ಮೋಜಣಿ, ನೋಂದಣಿ ಎಲ್ಲವೂ ಸೇರುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿದಿದ್ದರೆ ಏನಾಗುತ್ತಿತ್ತೋ. ರೈತನಿಗೆ ಪದೇ ಪದೇ ಬೇಕಾಗುವ ಉತಾರ ಮತ್ತು ಖಾತೆ ಬದಲಾವಣೆಯನ್ನು ಮೊದಲು ಹಿಡಿದರು, ಮೋಜಣಿ ತಂತ್ರಾಂಶ ಮತ್ತು ನೋಂದಣಿ ಕಚೇರಿಯ ಜೋಡಣೆ ಆಮೇಲೆ ಬಂದವು. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿ ಮೊದಲು ಎಂಬ ನಿಯಮವನ್ನು ತಂತ್ರಾಂಶದಲ್ಲೇ ಕಟ್ಟಿದರು. ವಶೀಲಿ ಹಚ್ಚಿದರೂ ಸರತಿ ತಪ್ಪಿಸುವುದು ಸುಲಭವಿರಲಿಲ್ಲ.

ಒಂದು ವ್ಯತ್ಯಾಸ ಗಮನಿಸಿ. ರೈತರ ಅರ್ಜಿಗಳಲ್ಲಿ ಎಲ್ಲರೂ ಸಮಾನರು, ಅಲ್ಲಿ ಸರತಿಯೇ ನ್ಯಾಯ. ಆದರೆ ಕೈಯಲ್ಲಿರುವ ಹಣ ಕಡಿಮೆ, ಅಗತ್ಯಗಳು ಬೇರೆ ಬೇರೆ ಎಂದಾಗ ಸರತಿ ನಡೆಯುವುದಿಲ್ಲ, ತೂಗಿ ನೋಡಬೇಕು. ತೂಗಿದ ಕಾರಣವನ್ನು ಎಲ್ಲರಿಗೂ ಕಾಣುವಂತೆ ಬರೆಯಬೇಕು. ಬರೆಯದಿದ್ದರೆ ಜೋರಾಗಿ ಮಾತಾಡಿದವರ ಕೆಲಸ ಮೊದಲಾಗುತ್ತದೆ, ಇಲ್ಲವೇ ಹೆಚ್ಚು ಹಣ ಕೊಟ್ಟವರದ್ದು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನು ಮಾಡೋಣ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಇಪ್ಪತ್ತಕ್ಕೂ ಹೆಚ್ಚು ಸಲಹೆ ಬಂದವು. ಸ್ವಾಗತ ಕಮಾನು, ಸ್ಮಾರ್ಟ್ ಬೋರ್ಡ್, ಗ್ರಂಥಾಲಯಕ್ಕೆ ಪುಸ್ತಕ, ಪರೀಕ್ಷೆಯ ತಿಂಗಳುಗಳಲ್ಲಿ ಸಂಜೆ ಓದುವ ಮಕ್ಕಳಿಗೆ ಕರೆಂಟ್ ಹೋದರೂ ಉರಿಯುವ ದೀಪ, ಕಂಪ್ಯೂಟರ್ ಕೊಠಡಿ. ಕಂಪ್ಯೂಟರ್ ಕೊಠಡಿಗೆ ನಾನೇ ಜೋರು ಮಾಡುತ್ತೇನೆ ಎಂದು ಬಹಳ ಜನ ಅಂದುಕೊಂಡಿದ್ದೀರಿ. ನಾನು ಅದನ್ನು ಮೂರನೆಯದಾಗಿ ಇಡುತ್ತೇನೆ, ಏಕೆಂದರೆ ಅದು ಇನ್ನೂ ಹಸನಾಗಿಲ್ಲ. ಕಲಿಸುವವರು ಯಾರು? ವಾರಕ್ಕೆ ಎಷ್ಟು ತಾಸು? ಮೂರನೇ ವರ್ಷ ಕೆಟ್ಟರೆ ರಿಪೇರಿಯ ಹಣ ಯಾರದು? ಬೀಗದ ಕೈ ಯಾರ ಹತ್ತಿರ? ನಾವು ಕೊಟ್ಟು ಬೆಂಗಳೂರಿನ ಬಸ್ ಹತ್ತುವವರು, ನೋಡಿಕೊಳ್ಳುವವರು ಇಲ್ಲಿನ ಗುರುಗಳು. ಐದು ಕಂಪ್ಯೂಟರ್, ಒಂಬತ್ತನೆಯ ತರಗತಿಗೆ ಮಾತ್ರ, ಶನಿವಾರ ಎರಡು ತಾಸು ಎಂದು ಸಣ್ಣದಾಗಿ ಶುರು ಮಾಡಿದರೆ ಒಂದು ವರ್ಷದಲ್ಲಿ ಉತ್ತರಗಳು ಸಿಗುತ್ತವೆ. ಸಂಜೆಯ ದೀಪಕ್ಕೆ ಇಂಥ ಪ್ರಶ್ನೆಗಳು ಕಡಿಮೆ, ಈ ವರ್ಷದ ಎಸ್ಸೆಸ್ಸೆಲ್ಸಿ ಮಕ್ಕಳಿಗೇ ಉಪಯೋಗ. ಅದು ಮೊದಲು. ಪುಸ್ತಕ ಎರಡನೆಯದು.

ಕಮಾನು ಪಟ್ಟಿಯಲ್ಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಕೆಲವರಿಗೆ ಬೇಸರವಾದೀತು, ಅವರಲ್ಲಿ ನಮ್ಮ ದೊಡ್ಡಪ್ಪನವರೂ ಒಬ್ಬರು, ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಊಟವಾದ ಮೇಲೆ ಹತ್ತನೆಯ ತರಗತಿಯ ಕೊಠಡಿಯಲ್ಲಿ ಪಟ್ಟಿ ಇಟ್ಟುಕೊಂಡು ಕೂಡೋಣ. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿಯವರು ಬರುತ್ತೇವೆ ಎಂದಿದ್ದಾರೆ. ಈಗ ಓದುತ್ತಿರುವ ಇಬ್ಬರು ಹುಡುಗರು, ಇಬ್ಬರು ಹುಡುಗಿಯರೂ ಇರಬೇಕೆಂದು ಕೇಳಿಕೊಂಡಿದ್ದೇನೆ. ಚೀಟಿ ಅವರ ಕೈಗೂ ಕೊಡುತ್ತೇವೆ. ಕಮಾನು ಬೇಕೆನ್ನುವವರೂ ಬನ್ನಿ, ಯಾಕೆ ಬೇಕು ಎಂದು ಹೇಳಿ, ಅದನ್ನೂ ಬರೆದುಕೊಳ್ಳೋಣ.